ಈರುಳ್ಳಿ ವಾಸನೆಯ ಮೆರ್ಲೋ

ನಿವೃತ್ತಿಯಾದ ಮೇಲೆ ನೆಮ್ಮದಿಯಾಗಿ ಕೂರಬಹುದು ಎಂದವರೆಲ್ಲ ಸುಳ್ಳುಗಾರರು. ನನಗೆ ಕೂರಲು ಆಗುತ್ತಿಲ್ಲ. ಬೀರೂರಿನ ಮನೆಯಲ್ಲಿ ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುತ್ತೇನೆ. ಮಜ್ಜಿಗೆ ಲೋಟ ಕೈಗೆ ಬಂದರೆ ಮೊದಲು ಅದನ್ನು ಗರಗರ ತಿರುಗಿಸಿ ಮೂಗಿಗೆ ಹಿಡಿಯುತ್ತೇನೆ. ರೈಲ್ವೆಯಲ್ಲಿದ್ದು ನನಗಿಂತ ಮೊದಲೇ ನಿವೃತ್ತರಾದ ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, “ಸುಮ್ನೆ ಕುಡಿಯೇ, ಅದು ಮಜ್ಜಿಗೆ. ಪಾಸು ಫೇಲು ಮಾಡೋಕೆ ಏನಿದೆ ಅದ್ರಲ್ಲಿ?” ಅನ್ನುತ್ತಾರೆ. ಅವರಿಗೇನು ಗೊತ್ತು! ಚಳಿ ಇಳಿದು ಬಿಸಿಲು ಏರುವ ಈ ದಿನಗಳಲ್ಲಿ ವೈನರಿಯ ತೋಟದಲ್ಲಿ ಮೆರ್ಲೋ ದ್ರಾಕ್ಷಿ ಹಣ್ಣಾಗುತ್ತಿರುತ್ತದೆ. ಯಾರು ನೋಡುತ್ತಿದ್ದಾರೋ, ಹೇಗೆ ನೋಡುತ್ತಿದ್ದಾರೋ!

ಕಡೂರಿನಾಚೆ ಕೆಮ್ಮಣ್ಣಿನ ದಿಣ್ಣೆಯ ಮೇಲಿರುವ ಒಂದು ಸಣ್ಣ ವೈನರಿಯ ಲ್ಯಾಬಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಹಣ್ಣು ತೋಟದಿಂದ ಬಂದು ಬಾಟಲಿ ಸೇರುವವರೆಗೆ ಅಳೆಯುವುದು, ಮೂಸುವುದು, ನಾಲಿಗೆಯ ಮೇಲಿಟ್ಟು ನೋಡುವುದು, ಉಗಿಯುವುದು, ಇಷ್ಟೇ ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಅಲ್ಲಿಂದ ಫೋನ್ ಬಂತು. ನಾಲ್ಕು ಮಾತಿನಲ್ಲಿ ಮುಗಿಯುವ ಹೆಂಗಸಲ್ಲ ನಾನು. ಬಡ್ತಿ, ಸನ್ಮಾನ, ಶಾಲು ಹಾರಗಳ ಕಥೆ ಬಿಡುತ್ತೇನೆ, ಅದರಿಂದ ನಿಮಗೇನೂ ಆಗಬೇಕಿಲ್ಲ. ಒಂದು ವಿಷಯವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ನನಗೆ ಅನ್ನ ಕೊಟ್ಟಿತು, ಊರಲ್ಲಿ ಒಂದು ಹೆಸರೂ ಕೊಟ್ಟಿತು. ಆದರೆ ಇದೇ ಕೆಲಸದಿಂದ ನನ್ನ ಹೆತ್ತವ್ವ ನನ್ನ ಕೈಯಿಂದ ನೀರು ಕುಡಿಯುವುದನ್ನು ಬಿಟ್ಟಳು. ಉಳಿದ ಎಲ್ಲ ಕಥೆಯ ಅಡಿಯಲ್ಲೂ ಈ ನೋವು ಇದ್ದೇ ಇತ್ತು.

ನಮ್ಮ ತವರು ಅಜ್ಜಂಪುರ. ಈರುಳ್ಳಿ ಬೆಳೆದು, ಕೊಂಡು, ಮಾರುವ ಮನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ವರ್ಷಕ್ಕೊಮ್ಮೆ ಮಠದ ಅಯ್ಯನವರನ್ನು ಕರೆಸಿ ಪಾದಪೂಜೆ. ಮದುವೆಯಾಗಿ ಬೀರೂರಿಗೆ ಬಂದ ಮೇಲೆ ನಾನು ಕಡೂರಿನ ಒಂದು ಎಣ್ಣೆ ಗಿರಣಿಯ ಲ್ಯಾಬಿನಲ್ಲಿದ್ದೆ. ಗಿರಣಿ ಮುಚ್ಚಿ ವೈನರಿಯ ಕೆಲಸ ಸಿಕ್ಕಿದಾಗ ಅವ್ವನಿಗೆ ಹೇಳಲು ಹೋದೆ. ಅವಳು ಹಿತ್ತಿಲಲ್ಲಿ ಕೂತು ಈರುಳ್ಳಿಯ ಬಾಲ ಕತ್ತರಿಸುತ್ತಿದ್ದಳು.

“ಏನ್ ಫ್ಯಾಕ್ಟ್ರಿನೇ ಅದು?”

“ದ್ರಾಕ್ಷಿದು ಕಣವ್ವ.”

“ದ್ರಾಕ್ಷಿ ತಗೊಂಡು ಏನ್ ಮಾಡ್ತಾರೆ?”

“ರಸ ತೆಗೀತಾರೆ.”

“ತೆಗೆದು?”

“ಇಡ್ತಾರೆ.”

“ಇಟ್ಟು?”

ಅವ್ವ ಕತ್ತಿ ಕೆಳಗಿಟ್ಟಳು. “ಹೆಂಡ ಅನ್ನು. ಸುತ್ತಿ ಬಳಸಿ ಯಾಕ್ ಹೇಳ್ತೀಯ?”

ನಾನು ಕುಡಿಯುವುದಿಲ್ಲ, ಬಾಯಿಗೆ ಹಾಕಿಕೊಂಡು ಉಗಿಯುವುದಷ್ಟೇ ಎಂದೆ. “ಬಾಯಿಗೆ ಹೋದ್ಮೇಲೆ ಗಂಟಲಿಗೆ ಹೋದ್ರೇನು, ಬಿಟ್ರೇನು?” ಎಂದು ರೇಗಿದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ತಾನೇ ಬೀರೂರಿನ ಮನೆಗೆ ಬಂದಳು. ಕೈಯಲ್ಲಿ ತಾಮ್ರದ ತಂಬಿಗೆ. ಅಯ್ಯನವರ ಪಾದಪೂಜೆಗೆ ನೀರು ತುಂಬುತ್ತಿದ್ದ, ಅವಳ ಅತ್ತೆಯ ಕಾಲದ ತಂಬಿಗೆ ಅದು.

“ದಿನಾ ಇದ್ರಲ್ಲಿ ಮನೆ ನೀರು ತುಂಬ್ಕೊಂಡ್ಹೋಗು. ಬಾಯಿಗೆ ಏನ್ ಹಾಕ್ಕೊಂಡ್ರೂ ಉಗುದು, ಈ ನೀರಲ್ಲಿ ಬಾಯ್ ಮುಕ್ಕಳಿಸು. ಅಲ್ಲಿದು ಗುಟುಕೂ ಒಳಗೆ ಹೋಗ್ಬಾರ್ದು. ಪೂಜೆ ತಂಬಿಗೆ ಎದುರಿಗಿದ್ರೆ ನಿಂಗೆ ಜ್ಞಾಪಕ ಇರುತ್ತೆ. ಪಾದಪೂಜೆ ಬಂದಾಗ ವಾಪಸ್ ತಂದ್ಕೊಡು, ಗೊತ್ತಾಯ್ತಾ?”

ಬೈಯುತ್ತಲೇ ದಾರಿ ಮಾಡಿಕೊಟ್ಟಳು. ನಮ್ಮವ್ವ ಅಂಥವಳು. ಆ ತಂಬಿಗೆಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬೀರೂರಿನಿಂದ ಬಸ್ಸು ಹತ್ತಿದ ಮೊದಲ ದಿನ ನಾನು ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

ವೈನ್ ಮಾಡುವವರು ಪಾಟೀಲ ಸಾರ್, ವಿಜಯಪುರದ ಕಡೆಯವರು. ಬೈದರೆ ಟ್ಯಾಂಕಿನ ತಗಡು ಅದುರಬೇಕು. ಆದರೆ ಕಲಿಸುವುದರಲ್ಲಿ ಜಿಪುಣರಲ್ಲ. ಮೆರ್ಲೋ ಎಂದರೇನು ಎಂದು ಅವರು ಕಲಿಸಿದ್ದು ತೋಟದಲ್ಲಿ ನಿಲ್ಲಿಸಿ.

“ಇದರ ಮೂಲ ಊರು ಫ್ರಾನ್ಸಿನ ಬೋರ್ಡೋ ಸೀಮಿ ರೀ. ಅಲ್ಲಿ ಒಂದು ಕರೀ ಹಕ್ಕಿ ಐತಿ, ಅದರ ಹೆಸರ್ಲೆ ಈ ಹೆಸರು ಬಂತಂತಾರ. ಹಣ್ಣಿನ ಬಣ್ಣ ಹಕ್ಕೀಗತೆ ಕರೀದು ಅಂತನೋ, ಹಣ್ಣ ತಿನ್ನಾಕ ಹಕ್ಕಿ ಮೊದ್ಲ ಬರ್ತೈತಿ ಅಂತನೋ, ಯಾರಿಗ್ಗೊತ್ತು. ಒಂದು ತಿಳ್ಕೊರಿ, ಮೆರ್ಲೋಗ ತಾಳ್ಮಿ ಇಲ್ಲ. ಎಲ್ಲಾದರಕಿಂತ ಮೊದ್ಲ ಹಣ್ಣಾಗ್ತೈತಿ, ಸಿಪ್ಪಿ ತೆಳ್ಳಗ, ಲಗೂನ ಕೆಡ್ತೈತಿ.”

ತಾಳ್ಮೆ ಇಲ್ಲದ ಹಣ್ಣು, ತಾಳ್ಮೆ ಇಲ್ಲದ ಸಾಹೇಬರು, ತಾಳ್ಮೆ ಇಲ್ಲದ ನಾನು. ಆ ದಿಣ್ಣೆಯ ಮೇಲೆ ನಮ್ಮ ಮೂವರ ಸಂಸಾರ ಹೇಗೆ ನಡೆಯಿತೋ!

ಬೋರ್ಡೋದ ಜೇಡಿಮಣ್ಣಿನ ತಂಪಿನಲ್ಲಿ ನಿಧಾನವಾಗಿ ಮಾಗುವ ಹಣ್ಣು ನಮ್ಮ ಬಿಸಿಲಿಗೆ ಓಡೋಡಿ ಬರುತ್ತದೆ. ಸಿಹಿ ಬೇಗ ಏರುತ್ತದೆ, ರುಚಿ ಹಿಂದೆ ಉಳಿಯುತ್ತದೆ. ಮೊದಲ ವರ್ಷ ಸಕ್ಕರೆ ಅಳೆಯುವ ಮೀಟರಿನಲ್ಲಿ ಸಿಹಿ ಸರಿಯಾಗಿದೆ ಎಂದು ಪಾಟೀಲ ಸಾರ್ ಕೊಯ್ಲಿಗೆ ಹೇಳಿಬಿಟ್ಟರು. ವೈನ್ ಆದ ಮೇಲೆ ಮೂಸಿದರೆ ದಪ್ಪ ಮೆಣಸಿನಕಾಯಿ ಹೆಚ್ಚಿಟ್ಟ ಹಾಗೆ ಹಸಿ ವಾಸನೆ! ಮರುವರ್ಷದಿಂದ ಅವರು ಮೀಟರನ್ನು ಜೇಬಿಗೆ ಹಾಕಿ ಬೀಜ ಜಗಿಯಲು ಶುರು ಮಾಡಿದರು. ಬೀಜ ಹಸಿರಾಗಿದ್ದರೆ ಉಗಿದು ಮುಂದೆ ಹೋಗುವುದು, ಕಂದು ಬಣ್ಣಕ್ಕೆ ತಿರುಗಿ ಹುರಿಗಡಲೆಯಂತೆ ಕಟುಂ ಎಂದರೆ ಕೊಯ್ಲು. ಈಗ ನಿಮಗೆ ಒಳ್ಳೊಳ್ಳೆಯ ಯಂತ್ರಗಳು ಬಂದಿವೆ. ಆದರೂ ಬೀಜ ಜಗಿಯಿರಿ. ಹಲ್ಲು ಇರುವುದು ಮತ್ತೇನಕ್ಕೆ?

ಸರಿಯಾಗಿ ಬಂದ ಮೆರ್ಲೋದ ಗುಣ ಹೀಗೆ. ಕ್ಯಾಬರ್ನೆ ಸಾವಿನ್ಯಾನ್ ಎಂಬ ಇನ್ನೊಂದು ಕೆಂಪು ವೈನ್ ಇದೆ. ಎಳೆಯದಿರುವಾಗ ಅದು ಹಸಿ ಅಡಿಕೆ ಜಗಿದಂತೆ ಒಸಡು ಹಿಡಿಯುತ್ತದೆ. ಮೆರ್ಲೋದಲ್ಲೂ ಒಗರಿದೆ, ಆದರೆ ಜಗಳಕ್ಕೆ ಬರುವುದಿಲ್ಲ. ನಾಲಿಗೆಯ ಮೇಲೆ ನುಣ್ಣಗೆ, ಸ್ವಲ್ಪ ದಪ್ಪಗೆ ಹರಿಯುತ್ತದೆ. ಪುಸ್ತಕಗಳಲ್ಲಿ ಪ್ಲಮ್ ಎಂದು ಬರೆದಿರುತ್ತದೆ. ನಾನು ಪ್ಲಮ್ ಕಂಡದ್ದು ಎಷ್ಟೋ ವರ್ಷದ ನಂತರ. ನನಗೆ ಅದು ಮೊದಲಿಂದಲೂ ಚೆನ್ನಾಗಿ ಮಾಗಿದ ನೇರಳೆ, ಗಂಟಲು ಹಿಡಿಯದ ನೇರಳೆ. ನಿಮ್ಮ ಮೂಗಿಗೆ ಗೊತ್ತಿರುವ ಹೆಸರನ್ನೇ ಬರೆಯಿರಿ. ಕಾಣದ ಹಣ್ಣಿನ ಹೆಸರು ಬರೆದು ಯಾರನ್ನು ಮೆಚ್ಚಿಸಬೇಕು?

ಹೀಗೆ ಮೂಗಿನ ಬಗ್ಗೆ ಉಪದೇಶ ಮಾಡುವ ನನ್ನ ಮೂಗೇ ಒಮ್ಮೆ ಕೈಕೊಟ್ಟಿತು. ವೈನರಿಯಲ್ಲಿ ಆ ಕಥೆ ಗೊತ್ತಿಲ್ಲದವರಿಲ್ಲ. ನನ್ನ ಬೀಳ್ಕೊಡುಗೆಯ ದಿನವೂ ಅದನ್ನೇ ಹೇಳಿ ನಕ್ಕರು. ನಗಲಿ.

ಆ ವರ್ಷ ಹಣ್ಣು ಅದ್ಭುತವಾಗಿ ಬಂದಿತ್ತು. ರಸ ಟ್ಯಾಂಕು ಸೇರಿ ಹುದುಗೆದ್ದು ಕುದಿಯಲು ಶುರುವಾದಾಗ ಪಾಟೀಲ ಸಾರ್ ರಜೆ ಹಾಕಿ ಊರಿಗೆ ಹೋದರು. ದಿನಾ ಬೆಳಿಗ್ಗೆ ಸಂಜೆ ನಾನು ಟ್ಯಾಂಕಿನಿಂದ ಗ್ಲಾಸಿಗೆ ತೆಗೆದು ಮೂಸಿ “ಚೆನ್ನಾಗಿದೆ” ಎಂದು ಬರೆದೆ. ನಿಜಕ್ಕೂ ಚೆನ್ನಾಗಿತ್ತು. ಏನೋ ಹಿತ, ಏನೋ ನೆಮ್ಮದಿ, ತವರಿಗೆ ಹೋದ ಹಾಗೆ.

ಸಾಹೇಬರು ವಾಪಸು ಬಂದವರು ಬ್ಯಾಗನ್ನೂ ಇಳಿಸದೆ ಗ್ಲಾಸು ತೆಗೆದುಕೊಂಡರು. ಮೂಗಿನ ಹತ್ತಿರ ಒಯ್ದದ್ದೇ ತಡ, ಮುಖ ಕಪ್ಪಿಟ್ಟಿತು.

“ಉಳ್ಳಾಗಡ್ಡಿ! ಇದು ವೈನ್ ಏನ್ರೀ, ಉಳ್ಳಾಗಡ್ಡಿ ಮಂಡಿ ಏನ್ರೀ? ಮೂಗಿಗೆ ಏನಾಗೇತ್ರೀ ನಿಮಗ?”

ನಾನು ಮತ್ತೆ ಮೂಸಿದೆ. ಏನೂ ಇಲ್ಲ. ಪಕ್ಕದವರಿಗೆ ಕೊಟ್ಟೆ. ಅವರು ಮೂಗು ಮುಚ್ಚಿಕೊಂಡರು. ಆಗ ನನಗೆ ಹೊಳೆಯಿತು. ಹುಟ್ಟಿದ್ದು ಈರುಳ್ಳಿ ರಾಶಿಯ ಪಕ್ಕ, ಮಲಗಿದ್ದು ಈರುಳ್ಳಿ ಚೀಲದ ಮೇಲೆ. ಅಜ್ಜಂಪುರದ ಮೂಗಿಗೆ ಈರುಳ್ಳಿ ಒಂದು ವಾಸನೆಯೇ ಅಲ್ಲ. ರಸವನ್ನು ವೈನ್ ಮಾಡುವ ಯೀಸ್ಟಿಗೆ ಆಹಾರ ಸಾಲದಿದ್ದರೆ ಅದು ಗಂಧಕದ ವಾಸನೆ ಬಿಡುತ್ತದೆ. ಮೊದಲು ಕೊಳೆತ ಮೊಟ್ಟೆ, ಆಗಲೂ ಗಾಳಿ ತೋರಿಸದೆ ಬಿಟ್ಟರೆ ಈರುಳ್ಳಿ. ಊರಿಗೆಲ್ಲ ಗೊತ್ತಾಗುವ ಆ ನಾತವನ್ನು ನಾನು “ಚೆನ್ನಾಗಿದೆ” ಎಂದು ಬರೆದು ಕೂತಿದ್ದೆ! ನಾಚಿಕೆಗೆ ಟ್ಯಾಂಕಿನೊಳಗೆ ಇಳಿದುಬಿಡೋಣ ಎನಿಸಿತು.

ಮಾಲೀಕರಿಗೆ ವಿಷಯ ಹೋಯಿತು. ಕೆಟ್ಟ ವೈನನ್ನು ಬಟ್ಟಿ ಇಳಿಸುವವರಿಗೆ ಕೊಟ್ಟು ಟ್ಯಾಂಕು ಖಾಲಿ ಮಾಡಿ ಎಂದವರೇ ಟ್ಯಾಂಕರ್ ಕಳಿಸಿಬಿಟ್ಟರು. ಅದು ಗೇಟಿನಲ್ಲಿ ಬಂದು ನಿಂತಿತು. ಪಾಟೀಲ ಸಾರ್ ಲ್ಯಾಬಿನಲ್ಲಿ ಶತಪಥ ತಿರುಗಿದರು.

“ತಾಮ್ರ ಬೇಕ್ರೀ. ತಾಮ್ರ ತಾಗಿ ವಾಸನಿ ಹೋತಂದ್ರ ಈ ವೈನ್ ಉಳೀತೈತಿ. ಹೋಗ್ಲಿಲ್ಲಂದ್ರ ಕೈ ತೊಳ್ಕೊಳ್ಳೂದ.”

ಪರೀಕ್ಷೆಗೆ ಬೇಕಾದ ತಾಮ್ರದ ಸಲ್ಫೇಟ್ ಮುಗಿದಿತ್ತು. ಶಿವಮೊಗ್ಗದಿಂದ ತರಿಸಲು ನಾಳೆಯಾಗುತ್ತದೆ. ಟ್ಯಾಂಕರಿನ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ನನ್ನ ಮೇಜಿನ ಮೇಲೆ ತಂಬಿಗೆ ಇತ್ತು. ಪಾಟೀಲ ಸಾರ್ ಅದನ್ನು ನೋಡಿದರು, ನನ್ನ ಮುಖ ನೋಡಿದರು, ತಲೆ ತಗ್ಗಿಸಿದರು. ಕೇಳಲಿಲ್ಲ. ಅವರ ಕೊರಳಲ್ಲೂ ಲಿಂಗವಿತ್ತು.

ನಾನೇ ಎದ್ದು ನೀರು ಚೆಲ್ಲಿ, ಒರೆಸಿ, ಆ ಮೆರ್ಲೋವನ್ನು ತಂಬಿಗೆಗೆ ಸುರಿದೆ. ಅಲುಗಾಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಗ್ಲಾಸಿಗೆ ಬಗ್ಗಿಸಿ ಅವರಿಗೆ ಕೊಟ್ಟೆ. ನನ್ನ ಮೂಗಿಗಂತೂ ತಿಳಿಯುವಂತಿರಲಿಲ್ಲ.

ಅವರು ಕಣ್ಣು ಮುಚ್ಚಿ ಮೂಸಿದರು. ಮತ್ತೆ ಮೂಸಿದರು. “ಹೋತ್ರೀ!” ಎಂದು ಕೂಗಿಬಿಟ್ಟರು. “ಉಳ್ಳಾಗಡ್ಡಿ ಹೋತು! ಬರೇ ಹಣ್ಣ ಐತಿ!” ಗ್ಲಾಸು ಕಿತ್ತುಕೊಂಡು ಮೂಸಿದೆ. ನೇರಳೆ ಎದ್ದು ಬಂದಿತ್ತು. ಸಾಹೇಬರು ಅಂಗಳಕ್ಕೆ ಓಡಿ ಟ್ಯಾಂಕರಿನವನನ್ನು ಓಡಿಸಿದ ರೀತಿಯನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಮಾರನೆಯ ದಿನ ಸಲ್ಫೇಟ್ ಬಂತು. ಅಳತೆ ಮಾಡಿ, ಎಷ್ಟು ಕಡಿಮೆ ಸಾಕೋ ಅಷ್ಟೇ ಹಾಕಿ, ಸೋಸಿ, ಟ್ಯಾಂಕು ಉಳಿಸಿದೆವು. ನೀವು ಯಾರೂ ನನ್ನ ಹಾಗೆ ತಂಬಿಗೆ ಹಿಡಿಯಬೇಡಿ. ಹುಳಿ ಇರುವ ಯಾವುದನ್ನೂ ತಾಮ್ರದ ಪಾತ್ರೆಯಲ್ಲಿಟ್ಟು ಕುಡಿಯಬಾರದು. ನಾವು ಮೂಸಿದ್ದು ಅಷ್ಟೇ, ಆಮೇಲೆ ಮೋರಿಗೆ ಚೆಲ್ಲಿದೆವು.

ಅದೇ ವಾರ ಅಜ್ಜಂಪುರದಲ್ಲಿ ಪಾದಪೂಜೆ ಬಂತು. ತಂಬಿಗೆಯನ್ನು ನೀರಿನಲ್ಲಿ ತೊಳೆದೇ ಒಯ್ದಿದ್ದೆ. ಅವ್ವ ಹುಣಸೆಹಣ್ಣು ತೆಗೆದುಕೊಂಡು ಉಜ್ಜಲು ಕೂತವಳು ಒಳಗೆ ಇಣುಕಿ ನೋಡಿ ನಿಂತುಬಿಟ್ಟಳು. ಹೊರಗೆಲ್ಲ ಮಂಕಾಗಿದ್ದ ತಂಬಿಗೆ ಒಳಗಡೆ ಫಳಫಳ ಹೊಳೆಯುತ್ತಿತ್ತು. ವೈನಿನ ಹುಳಿಗೆ ಕಿಲುಬೆಲ್ಲ ಬಿಟ್ಟುಹೋಗಿತ್ತು.

“ಯಾರೇ ಉಜ್ಜಿದ್ದು ಇದನ್ನ? ಒಳಗಡೆ ಮಾತ್ರ?”

ಹುಣಸೆಹಣ್ಣು ಹಾಕಿದ್ದೆ ಎನ್ನಬಹುದಿತ್ತು. ಸುಳ್ಳು ನಾಲಿಗೆಗೆ ಬರಲಿಲ್ಲ. ನಡೆದದ್ದೆಲ್ಲ ಹೇಳಿದೆ. ಟ್ಯಾಂಕು ಉಳಿದದ್ದನ್ನೂ, ನನ್ನ ಕೆಲಸ ಉಳಿದದ್ದನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದು ತಂಬಿಗೆಯನ್ನು ಅಟ್ಟಕ್ಕೆ ಹಾಕಿಸಿದಳು, ಪೂಜೆಗೆ ಹಿತ್ತಾಳೆಯ ಚೊಂಬು ತೆಗೆದಳು. ಊಟಕ್ಕೆ ಕೂತಾಗ ನಾನು ಅವಳ ಮುಂದೆ ನೀರಿನ ಲೋಟ ಇಟ್ಟೆ. ಅವಳು ಅದನ್ನು ಮುಟ್ಟದೆ ಎದ್ದು ಹೋಗಿ ತಾನೇ ಬಗ್ಗಿಸಿಕೊಂಡು ಬಂದಳು. ಜಗಳವಿಲ್ಲ, ಮಾತು ಬಿಡಲಿಲ್ಲ, ಹಬ್ಬಕ್ಕೆ ಸೀರೆ ತಪ್ಪಿಸಲಿಲ್ಲ. ನನ್ನ ಕೈಯ ನೀರು ಮಾತ್ರ ಅಂದಿಗೆ ನಿಂತಿತು. ಹೋದಾಗಲೆಲ್ಲ ನಾನು ಲೋಟ ಇಡುತ್ತಿದ್ದೆ, ಅವಳು ಎದ್ದು ಹೋಗುತ್ತಿದ್ದಳು. ಇಬ್ಬರೂ ಹಟಮಾರಿಗಳು.

ಪಾಟೀಲ ಸಾರ್ ನನ್ನ ಮೂಗಿಗೆ ಚಿಕಿತ್ಸೆ ಶುರು ಮಾಡಿದರು. ಈರುಳ್ಳಿ ಮುಟ್ಟಬಾರದು, ತಿನ್ನಬಾರದು, ಮನೆಯಲ್ಲಿ ಇಡಲೂ ಬಾರದು. ಯಜಮಾನರು ಸಪ್ಪೆ ಸಾರು ಉಂಡು, “ಕುಡಿಯೋರು ಯಾರೋ, ಪಥ್ಯ ನಂಗೆ” ಎಂದು ಗೊಣಗಿದರು. ಬಹಳ ದಿನ ಹೀಗೆ ಕಳೆದ ಮೇಲೆ ಒಂದು ದಿನ ರೈಲಿನಲ್ಲಿ ಅಜ್ಜಂಪುರಕ್ಕೆ ಹೋಗಿ ಇಳಿದೆ. ಪ್ಲಾಟ್‌ಫಾರ್ಮಿನ ಮೇಲೆ ಕಾಲಿಟ್ಟದ್ದೇ ಗಪ್ಪೆಂದು ಬಡಿಯಿತು. ಈರುಳ್ಳಿ! ಇಡೀ ಊರೇ ಈರುಳ್ಳಿ! ಇಷ್ಟು ವರ್ಷ ನನ್ನ ಊರಿಗೆ ವಾಸನೆ ಇದೆ ಎಂದೇ ನನಗೆ ತಿಳಿದಿರಲಿಲ್ಲ. ಮೂಗು ಸರಿಯಾಯಿತೆಂದು ಸಂತೋಷಪಡಬೇಕಿತ್ತು. ಆದರೆ ನಾನು ಹೊರಗಿನವಳಾಗಿಬಿಟ್ಟೆ ಎನಿಸಿ, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಇನ್ನು ಊಟದ ವಿಷಯ. ವೈನರಿ ನೋಡಲು ಜನ ಬರಲು ಶುರುವಾದ ಮೇಲೆ ಮೆರ್ಲೋ ಜೊತೆ ಏನು ಬಡಿಸಬೇಕು ಎಂಬ ಪ್ರಶ್ನೆ ಬಂತು. ಪುಸ್ತಕದಲ್ಲಿ ಚೀಸು, ಅಣಬೆ, ಕುರಿ ಮಾಂಸ ಎಂದಿತ್ತು. ತರೀಕೆರೆಯಿಂದ ಬಂದ ಒಬ್ಬರು, “ಬಾಣಂತಿಗೆ ಕೊಟ್ರೆ ರಕ್ತ ಆಗುತ್ತಂತಲ್ರೀ, ಮುಚ್ಚಳದಲ್ಲಿ ಎಷ್ಟು ಕೊಡ್ಬೇಕು?” ಎಂದು ಕೇಳಿದರು. “ಬಾಣಂತಿಗೆ ಸೊಪ್ಪಿನ ಸಾರು ಕೊಡ್ರೀ, ಇದು ಔಷಧಿ ಅಲ್ಲ” ಎಂದು ಗದರಿಸಿ ಕಳಿಸಿದೆ. ಇಂಥವರು ನಿಮ್ಮ ಹತ್ತಿರವೂ ಬರುತ್ತಾರೆ, ಮುಲಾಜಿಲ್ಲದೆ ಹೇಳಿ.

ನಾವು ಕ್ಯಾಂಟೀನಿನಲ್ಲೇ ಪರೀಕ್ಷೆ ಮಾಡಿದೆವು. ನಾನು ಉಗಿಯುವವಳು, ಉಳಿದವರು ನುಂಗುವವರು. ಮುದ್ದೆ ಬಸ್ಸಾರು ಇಟ್ಟೆವು. ಸಾರಿನ ಖಾರಕ್ಕೆ ವೈನ್ ಬೆಂಕಿಯಂತೆ ಉರಿಯಿತು. ಹುಣಸೆಹುಳಿ ಜಾಸ್ತಿಯಾದಾಗ ವೈನ್ ನೀರಿನಂತೆ ಸಪ್ಪೆಯಾಯಿತು. ಬರೀ ಒಣಕೊಬ್ಬರಿ ಚೂರು ಕೊಟ್ಟರೆ ಅದರ ಜಿಡ್ಡಿಗೆ ಒಗರು ಮೆತ್ತಗಾಗಿ ಇನ್ನೊಂದು ಗುಟುಕು ಬೇಕೆನಿಸಿತು. ಮಾಂಸ ತಿನ್ನುವವರು ಖಾರ ಕಡಿಮೆ ಹಾಕಿ ಹುರಿದ ಮಟನ್ ಚೆನ್ನಾಗಿದೆ ಎಂದರು. ಎಲ್ಲವನ್ನೂ ಸೋಲಿಸಿದ್ದು ಎಣ್ಣೆಗಾಯಿ. ಕಡಲೆಬೀಜ, ಎಳ್ಳು, ಕೊಬ್ಬರಿ, ಕೆಂಪಗೆ ಹುರಿದು ಸಿಹಿ ಬಿಟ್ಟ ಈರುಳ್ಳಿ ತುಂಬಿದ ಬದನೆಕಾಯಿ. ಅದು ನಮ್ಮವ್ವನ ಕೈ ಅಡುಗೆಯ ರೀತಿ. ಬೆಂಗಳೂರಿನಿಂದ ಬಂದವರು ತಟ್ಟೆ ನೆಕ್ಕಿ ಹೋದರು. ಹಿಗ್ಗಿ ಹೋಗಿ ಅವ್ವನಿಗೆ ಫೋನ್ ಮಾಡಿದೆ.

“ನನ್ ಬದ್ನೆಕಾಯಿನೂ ಬಿಡ್ಲಿಲ್ವೇನೇ ನೀನು?” ಎಂದು ಬೈದಳು. ಬೈದವಳೇ, “ಎಳ್ಳು ಹುರಿದು ಹಾಕಿದ್ರಾ, ಹಸೀದೇ ಹಾಕಿದ್ರಾ?” ಎಂದು ಕೇಳಿದಳು.

ಕೆಲಸ ಮುಗಿಯಿತು. ಪಾಟೀಲ ಸಾರ್ ನನಗಿಂತ ಮೊದಲೇ ನಿವೃತ್ತರಾಗಿ ಊರು ಸೇರಿದ್ದರು. ಇನ್ನಾದರೂ ಅವ್ವ ನನ್ನ ಕೈಯ ನೀರು ಕುಡಿಯುತ್ತಾಳೇನೋ ಎಂದು ನಿವೃತ್ತಿಯ ಮಾರನೆಯ ದಿನವೇ ಅಜ್ಜಂಪುರಕ್ಕೆ ಓಡಿದೆ. ಲೋಟ ಇಟ್ಟೆ. ಅವಳಿಗೆ ಈಗ ಮಂಡಿ ನೋವು, ಆದರೂ ಗೋಡೆ ಹಿಡಿದುಕೊಂಡು ಎದ್ದು ಹೋದಳು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕೋಪವೋ ದುಃಖವೋ ಗೊತ್ತಾಗಲಿಲ್ಲ.

ಹೋದ ತಿಂಗಳು ಅವಳದೇ ಫೋನ್ ಬಂತು. “ಬಾರೇ ಒಂಚೂರು. ನಿನ್ ತಮ್ಮಂಗೆ ಹೇಳ್ಬೇಡ.” ಹೋದೆ. ತಮ್ಮ ಲೋಡಿನ ಜೊತೆ ಹೋಗಿದ್ದ, ಅವನ ಹೆಂಡತಿ ಒಳಗೆ ಅಡುಗೆಯಲ್ಲಿದ್ದಳು. ಅವ್ವ ನನ್ನ ಕೈ ಹಿಡಿದು ಈರುಳ್ಳಿ ಶೆಡ್ಡಿಗೆ ಕರೆದುಕೊಂಡು ಹೋದಳು. ಶೆಡ್ಡಿನ ತುಂಬ ಈರುಳ್ಳಿ. ಪ್ರತಿ ವರ್ಷ ರಾಶಿಯ ಸುತ್ತ ಓಡಾಡಿ ಎಲ್ಲಿ ಕೊಳೆಯಲು ಶುರುವಾಗಿದೆ ಎಂದು ಮೂಸಿ ಹೇಳುತ್ತಿದ್ದವಳು ಅವಳೇ. ಒಂದು ಕಡೆ ಕೊಳೆತರೆ ಸಾಕು, ವಾರದಲ್ಲಿ ಇಡೀ ರಾಶಿಗೆ ಹಬ್ಬುತ್ತದೆ.

“ಜ್ವರ ಬಂದು ಹೋದ್ಮೇಲೆ ನಂಗೆ ವಾಸ್ನೆ ಗೊತ್ತಾಗ್ತಿಲ್ಲ ಕಣೇ,” ಎಂದಳು. ದನಿ ಸಣ್ಣಗಾಗಿತ್ತು. “ಯಾರಿಗೂ ಹೇಳಿಲ್ಲ. ವಿಭೂತಿ ವಾಸ್ನೆನೂ ಇಲ್ಲ, ಒಗ್ಗರಣೆ ವಾಸ್ನೆನೂ ಇಲ್ಲ. ಎಲ್ಲೋ ಕೆಟ್ಟಿದೆ ಅಂತ ಮನ್ಸು ಹೇಳ್ತಿದೆ. ನೀನ್ ನೋಡು. ಅಷ್ಟ್ ವರ್ಷ ಮೂಸಿದೀಯಲ್ಲ.”

ಆ ಹಳೆಯ ಮೂಗೇ ಇದ್ದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ; ರಾಶಿಯಲ್ಲಿ ಕೊಳೆತದ್ದನ್ನು ಮೂಸಿ ಹಿಡಿಯುವುದು ಮನೆಯಲ್ಲಿ ಅವ್ವನೊಬ್ಬಳಿಗೇ ಬರುತ್ತಿತ್ತು. ಟ್ಯಾಂಕುಗಳ ಸಾಲಿನಲ್ಲಿ ನಡೆದ ಹಾಗೆಯೇ ನಿಧಾನವಾಗಿ ರಾಶಿಯ ಸುತ್ತ ನಡೆದೆ. ಗೋಣಿಯ ವಾಸನೆ, ಧೂಳು, ಒಣಸಿಪ್ಪೆ, ಒಳ್ಳೆಯ ಈರುಳ್ಳಿಯ ಘಾಟು. ಹಿಂದಿನ ಮೂಲೆಗೆ ಬಂದಾಗ ನಿಂತೆ. ಪಾಟೀಲ ಸಾರ್ ಮುಖ ಕಪ್ಪಿಟ್ಟುಕೊಂಡು ಗ್ಲಾಸು ಹಿಡಿದು ನಿಂತದ್ದು ಕಣ್ಣಿಗೆ ಬಂತು. ಆ ಟ್ಯಾಂಕಿನಲ್ಲಿ ಅಂದು ನನಗೆ ತಿಳಿಯದೆ ಹೋದ ವಾಸನೆ ಇದೇ ಇರಬೇಕು.

“ಇಲ್ಲಿ ಕಣವ್ವ.”

ಸೆರಗು ಸಿಕ್ಕಿಸಿಕೊಂಡು ಕೈಯಿಂದ ತೆಗೆಯುತ್ತ ಹೋದೆ. ಮೊಣಕೈ ಮುಳುಗುವಷ್ಟು ಒಳಗೆ ಹೋದಾಗ ಬೆರಳಿಗೆ ಲೊಳಲೊಳ ತಾಗಿತು. ಕೊಳೆತ ಗಡ್ಡೆಗಳನ್ನು ಒಂದೊಂದಾಗಿ ಹೊರಗೆ ಹಾಕಿದೆ. ಮೊರದ ತುಂಬ ಆಯಿತು. ಅವ್ವ ಚೀಲದ ಮೇಲೆ ಕೂತು ನೋಡುತ್ತಿದ್ದಳು. ಒಂದು ಗಡ್ಡೆ ಎತ್ತಿ ಮೂಗಿಗೆ ಹಿಡಿದುಕೊಂಡಳು. ತಿಳಿಯಲಿಲ್ಲ. ಕೆಳಗೆ ಹಾಕಿದಳು. ಕಣ್ಣು ಒರೆಸಿಕೊಂಡಳು.

“ಗಂಟ್ಲು ಒಣಗ್ತು,” ಎಂದಳು.

ನಾನು ಎದ್ದೆ. ಅವಳೂ ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ.

“ಅಟ್ಟದ್ ಮೇಲೆ ಅದೈತಲ್ಲ, ಅದನ್ನ ಇಳಿಸ್ಕೊಂಡು ಅದ್ರಲ್ಲೇ ತಗೊಂಬಾ.”

ಏಣಿ ಹತ್ತಿದೆ. ಧೂಳು, ಜೇಡರ ಬಲೆಯ ನಡುವೆ ಕಪ್ಪಗಾಗಿ ಕೂತಿತ್ತು ತಂಬಿಗೆ. ನಲ್ಲಿಯ ಹತ್ತಿರ ಕೂತು ಹುಣಸೆಹಣ್ಣು ಹಾಕಿ ಉಜ್ಜತೊಡಗಿದೆ. ಒಳಗೆ, ಹೊರಗೆ, ಕಂಠದ ಸುತ್ತ. ಕಣ್ಣೀರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹೊಳಪು ಬಂದರೂ ಸಮಾಧಾನವಾಗದೆ ಮತ್ತೆ ಉಜ್ಜಿದೆ, ಮತ್ತೆ ತೊಳೆದೆ.

ಶೆಡ್ಡಿನ ಕಡೆಯಿಂದ ಅವ್ವನ ದನಿ ಬಂತು. “ಲೇ ಗಿರಿಜಾ, ಎಷ್ಟೊತ್ತೇ ಅದು? ಉಜ್ಜಿದ್ದು ಸಾಕು, ನೀರು ತಗೊಂಬಾ!”